ನಾಲ್ಕನೆಯ ಇಂಜೆಕ್ಷನ್

ತಿಪಟೂರು

ಚಿ. ಅನಿರುದ್ಧನಿಗೆ,

ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ "ಆಯ್ತು ದೊಡ್ಡಮ್ಮ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಹಾಸ್ಟೆಲ್ ಗೇಟಿನ ನಾಯಿಮರಿ ಬೆರಳು ಕಚ್ಚಿದಾಗ ಅಮ್ಮನ ಗಲಾಟೆ ತಾಳಲಾರದೆ ಮೂರು ಸಲ ಇಂಜೆಕ್ಷನ್ ಹಾಕಿಸಿಕೊಂಡೆ, ಸಂತೋಷ. ಈಗ "ಗಾಯ ಒಣಗಿದೆ, ಪರೀಕ್ಷೆ ಬೇರೆ ಇದೆ, ಕೊನೆಯದೊಂದು ಬಿಟ್ಟರೆ ಏನಾಗುತ್ತೆ" ಅಂದೆಯಂತೆ. ದುಡಿಯುವ ವಯಸ್ಸನ್ನೆಲ್ಲ ಸರಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಕಳೆದವಳ ಮನೆಯ ಹುಡುಗ ಆಡುವ ಮಾತೇನೋ ಇದು?

ಗಾಯ ಒಣಗುವುದಕ್ಕೂ ರೇಬೀಸಿಗೂ ಸಂಬಂಧವೇ ಇಲ್ಲ. ಜೊಲ್ಲಿನಲ್ಲಿ ಬಂದ ವೈರಸ್ ನರ ಹಿಡಿದು ಮೆಲ್ಲಗೆ ಮಿದುಳಿನ ಕಡೆಗೆ ಹೋಗುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು. ಕೆಲವರಲ್ಲಿ ವಾರೊಪ್ಪತ್ತು, ಅಪರೂಪಕ್ಕೆ ವರ್ಷದ ಮೇಲೂ ಹಿಡಿಯುತ್ತದೆ. ಮುಖಕ್ಕೋ ಬೆರಳಿಗೋ ಕಚ್ಚಿದ್ದರೆ ಬೇಗ. ಅಷ್ಟು ದಿನವೂ ಮನುಷ್ಯ ಉಂಡುತಿಂದು ಓಡಾಡಿಕೊಂಡಿರುತ್ತಾನೆ. ಆಮೇಲೆ ಒಂದು ದಿನ ಹಳೆಯ ಗಾಯದ ಜಾಗದಲ್ಲಿ ಜುಮುಜುಮು, ತುರಿಕೆ, ಸಣ್ಣ ಜ್ವರ. ಅಲ್ಲಿಂದಾಚೆಗೆ ಯಾವ ಡಾಕ್ಟರ ಕೈಯಲ್ಲೂ ಏನೂ ಇರುವುದಿಲ್ಲ. ಬದುಕಿ ಬಂದವರು ಇಡೀ ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಅಂಥ ಒಬ್ಬ ರೈತನನ್ನು ನೋಡಿಕೊಂಡಿದ್ದೆ. ಬಾಯಾರಿಕೆ ಅನ್ನುತ್ತಿದ್ದ, ಲೋಟ ಹತ್ತಿರ ತಂದರೆ ಗಂಟಲು ಬಿಗಿದು ಮೈಯೆಲ್ಲ ಅದುರುತ್ತಿತ್ತು. ಫ್ಯಾನಿನ ಗಾಳಿಯನ್ನೂ ತಡೆಯಲಾರ. ನಡುನಡುವೆ ಬುದ್ಧಿ ತಿಳಿಯಾಗಿರುತ್ತಿತ್ತು, ಹೆಂಡತಿಯನ್ನು ಕರೆದು ಎಮ್ಮೆಗೆ ಹುಲ್ಲು ಹಾಕಿದೆಯಾ ಅಂತ ಕೇಳುತ್ತಿದ್ದ. ನಾಯಿ ಕಚ್ಚಿದಾಗ ಸುಣ್ಣ ಅರಿಶಿನ ಮೆತ್ತಿ, ನಾಟಿ ಮದ್ದು ಕುಡಿದಿದ್ದನಂತೆ. ಪಥ್ಯವನ್ನೂ ಚಾಚೂ ತಪ್ಪದೆ ಮಾಡಿದ್ದ, ಪಾಪ.

ಆಗಿನವರು ಆಸ್ಪತ್ರೆಗೆ ಹೆದರಲು ಕಾರಣವಾದರೂ ಇತ್ತು. ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ 1885ರಲ್ಲೇ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನನ್ನು ಲಸಿಕೆಯಿಂದ ಉಳಿಸಿದ್ದ. ಆದರೆ ನಮ್ಮಲ್ಲಿ ಈ ಶತಮಾನದ ಆರಂಭದವರೆಗೂ ಕುರಿಯ ಮಿದುಳಿನಿಂದ ಮಾಡಿದ ಲಸಿಕೆಯೇ ನಡೆಯುತ್ತಿತ್ತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ ನಿಮ್ಮಜ್ಜ ಹೆದರಿಸುತ್ತಿದ್ದರಲ್ಲ, ಅದು ಕಟ್ಟುಕತೆಯಲ್ಲ. ನಿನಗೇನು ಕಷ್ಟ? ಎರಡು ತೋಳಿಗೂ ಚರ್ಮದ ಪದರದೊಳಗೆ ಒಂದೊಂದು ಹನಿಯಷ್ಟು ಮದ್ದು. ಕಚ್ಚಿದ ದಿನ, 3ನೆಯ ದಿನ, 7ನೆಯ ದಿನ, 28ನೆಯ ದಿನ. ಅದೂ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

ಮೊದಲ ದಿನ ಗಾಯದೊಳಕ್ಕೇ ಚುಚ್ಚಿದಾಗ ಕೂಗಿಕೊಂಡೆಯಂತಲ್ಲ, ಅದು ಲಸಿಕೆಯಲ್ಲ, ಇಮ್ಯುನೊಗ್ಲಾಬ್ಯುಲಿನ್. ರಕ್ತ ಬಂದ ಗಾಯಕ್ಕೆ ಅದು ಬೇಕೇ ಬೇಕು. ಲಸಿಕೆಯಿಂದ ಮೈಯಲ್ಲಿ ಪ್ರತಿಕಾಯ ಹುಟ್ಟಲು ವಾರ ಹತ್ತು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ವೈರಸ್ಸನ್ನು ಗಾಯದಲ್ಲೇ ತಡೆಯುವುದು ಇದು. ಎಷ್ಟೋ ಜನ ಇದನ್ನು ಕೇಳಿ ಹಾಕಿಸಿಕೊಳ್ಳುವುದೇ ಇಲ್ಲ.

ಮರಿ ಚೆನ್ನಾಗಿಯೇ ಇತ್ತು ಅಂತೀಯ. ಕಚ್ಚಿದ ದಿನ ಇತ್ತು, ಸರಿ. ಕಚ್ಚಿದ ಮೇಲೆ ಹತ್ತು ದಿನ ನಾಯಿ ಕಣ್ಣೆದುರಿಗೇ ಆರೋಗ್ಯವಾಗಿದ್ದರೆ ಆಗ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಅನ್ನಬಹುದು. ನಿನ್ನ ಮರಿ ನಾಲ್ಕೇ ದಿನಕ್ಕೆ ಕಾಣೆಯಾಯಿತಂತೆ. (ಅಮ್ಮನಿಗೆ ನೀನು ಹೇಳಿಲ್ಲ, ನಿನ್ನ ರೂಮ್‌ಮೇಟ್ ನನಗೆ ಹೇಳಿದ. ಅವನಿಗೆ ಬೈಯಬೇಡ.)

ತೊಡೆಯ ಮಾಂಸ ಕಿತ್ತು ಬಂದವರು ಹೇಗೂ ಆಸ್ಪತ್ರೆಗೆ ಓಡುತ್ತಾರೆ. ಸಾಯುವವರಲ್ಲಿ ಬಹಳ ಜನ "ಉಗುರು ಗೀರಿದ್ದಷ್ಟೇ", "ಸಾಕಿದ ಬೆಕ್ಕು ತಾನೇ" ಅಂದುಕೊಂಡವರು. ಮಕ್ಕಳಂತೂ ಬೈಗುಳಕ್ಕೆ ಹೆದರಿ ಮುಚ್ಚಿಡುತ್ತವೆ. ರೇಬೀಸಿನಿಂದ ಸಾಯುವ ಹತ್ತರಲ್ಲಿ ನಾಲ್ವರು ಹದಿನೈದರೊಳಗಿನವರು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶನಿವಾರ ನೀನು ಪಾಠ ಹೇಳಿಕೊಡುವ ಮಕ್ಕಳಿಗೆ ಇದನ್ನೂ ಒಂದು ಪಾಠ ಮಾಡು: ನಾಯಿ, ಬೆಕ್ಕು, ಕೋತಿ ಯಾವುದು ಕಚ್ಚಲಿ, ಪರಚಲಿ, ನಲ್ಲಿ ಬಿಟ್ಟು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು, ಮೆಣಸಿನಪುಡಿ, ಸುಣ್ಣ, ಕಾಫಿಪುಡಿ ಏನೂ ಮೆತ್ತಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಹೇಳಿದರೆ ಯಾರೂ ಬೈಯುವುದಿಲ್ಲ ಅಂತ ಅವರ ಅಪ್ಪ ಅಮ್ಮಂದಿರ ಹತ್ತಿರವೂ ಮಾತು ತಗೋ.

ಬೀದಿನಾಯಿಗೆ ಅನ್ನ ಹಾಕುವುದನ್ನು ಬಿಡು ಅಂತ ನಾನು ಹೇಳುವವಳಲ್ಲ. ಹೊಡೆದು ಕೊಂದರೆ ರೇಬೀಸ್ ಹೋಗುವುದಿಲ್ಲ. ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ಹಬ್ಬುವುದು ನಿಲ್ಲುತ್ತದೆ. ಅನ್ನ ಹಾಕುವ ನೀವೇ ಹುಡುಗರು ಸೇರಿ ಪಾಲಿಕೆಯವರನ್ನು ಕರೆಸಿ, ಗೇಟಿನ ನಾಯಿಗಳಿಗೆಲ್ಲ ಲಸಿಕೆ ಹಾಕಿಸಿ.

28ನೆಯ ದಿನ ಬರುವ ಗುರುವಾರ. ಅವತ್ತು ನಿನ್ನ ಪರೀಕ್ಷೆ ಮಧ್ಯಾಹ್ನಕ್ಕೇ ಮುಗಿಯುತ್ತದೆ ಅಂತ ಅಮ್ಮ ಹೇಳಿದಳು. ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋಗು, ಕಾರ್ಡಿನ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡು.

ಇತಿ ನಿನ್ನ ದೊಡ್ಡಮ್ಮ