ಕಣ್ಣು ಮತ್ತು ಅವಧಾನ

ಓದುಗರು ಈ ಸಾಲಿನ ಒಂದು ಪದದ ಮೇಲೆ ದೃಷ್ಟಿಯನ್ನಿರಿಸಿ, ಕಣ್ಣನ್ನು ಕದಲಿಸದೆ, ನಾಲ್ಕು ಸಾಲು ಕೆಳಗಿನ ಪದವನ್ನು ಓದಲು ಯತ್ನಿಸಲಿ. ಅದು ಸಾಧ್ಯವಾಗದು. ತೋಳನ್ನು ಚಾಚಿದಾಗ ಹೆಬ್ಬೆರಳಿನ ಉಗುರು ಎಷ್ಟು ಅಗಲವಾಗಿ ಕಾಣುವುದೋ ಸುಮಾರು ಅಷ್ಟೇ ಭಾಗವನ್ನು ನಮ್ಮ ಕಣ್ಣು ಸ್ಫುಟವಾಗಿ ನೋಡಬಲ್ಲುದು. ಆದುದರಿಂದ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿಯುತ್ತಿರುತ್ತದೆ. ಈ ಜಿಗಿತಗಳಿಗೆ ದಾರಿ ತೋರುವ ಮನೋವ್ಯಾಪಾರವೇ ಅವಧಾನ.

ಅವಧಾನವು ಒಂದೇ ಶಕ್ತಿಯಲ್ಲ. ನೋಡಬೇಕಾದುದನ್ನು ಆರಿಸುವುದು, ಅದರ ಮೇಲೆ ನಿಲ್ಲುವುದು, ಅದನ್ನು ಬಿಟ್ಟು ಬೇರೆಡೆಗೆ ಹೋಗುವುದು ಎಂದು ಅದರ ಕೆಲಸಗಳನ್ನು ನಾವು ಮೂರಾಗಿ ವಿಂಗಡಿಸಬಹುದು. ಒಂದರಲ್ಲಿ ಚುರುಕಾದವನು ಇನ್ನೊಂದರಲ್ಲಿ ನಿಧಾನಿಯಾಗಿರಬಹುದು. ಆಟಿಸಂ, ಅಂದರೆ ಸ್ವಲೀನತೆ, ಉಳ್ಳವರ ನೋಟವು ಇದಕ್ಕೆ ನಿದರ್ಶನ.

1983ರಲ್ಲಿ ಅಮಿಟ್ಟಾ ಶಾ ಮತ್ತು ಊಟಾ ಫ್ರಿತ್ ಎಂಬ ವಿಜ್ಞಾನಿಗಳು, ಚಿತ್ರದೊಳಗೆ ಅಡಗಿದ ಆಕೃತಿಯನ್ನು ಹುಡುಕುವ ಪರೀಕ್ಷೆಯನ್ನು ಮಕ್ಕಳಿಗೆ ಕೊಟ್ಟರು. ಕೂಸಿನ ಗಾಡಿಯ ಚಿತ್ರದಲ್ಲಿ ಎಲ್ಲರಿಗೂ ಮೊದಲು ಕಾಣುವುದು ಗಾಡಿ. ಅದರ ಗೆರೆಗಳಲ್ಲಿ ಅಡಗಿರುವ ತ್ರಿಕೋನವನ್ನು ಗುರುತಿಸುವುದು ಕಷ್ಟ. ಆದರೆ ಸ್ವಲೀನತೆಯುಳ್ಳ ಮಕ್ಕಳು, ಬುದ್ಧಿಮಟ್ಟದಲ್ಲಿ ತಮಗೆ ಸಮಾನರಾದ ಇತರ ಮಕ್ಕಳಿಗಿಂತ ಈ ಪರೀಕ್ಷೆಯಲ್ಲಿ ಮೇಲಾದರು. ಇನ್ನೊಂದು ಬಗೆಯ ಪ್ರಯೋಗದಲ್ಲಿ ಪರದೆಯ ನಡುವೆ ಒಂದು ಚಿತ್ರವಿರುತ್ತದೆ; ಅದು ಹಾಗೆಯೇ ಉಳಿದಿರುವಾಗ ಅಂಚಿನಲ್ಲಿ ಮತ್ತೊಂದು ಮೂಡುತ್ತದೆ. 2004ರಲ್ಲಿ ಲ್ಯಾಂಡ್ರಿ ಮತ್ತು ಬ್ರೈಸನ್ ಹೀಗೆ ಪರೀಕ್ಷಿಸಿದಾಗ, ಸ್ವಲೀನತೆಯುಳ್ಳ ಮಕ್ಕಳು ಮೊದಲ ಚಿತ್ರವನ್ನು ಬಿಟ್ಟು ಬರಲು ಹೆಚ್ಚು ಹೊತ್ತು ತೆಗೆದುಕೊಂಡರು. ಮುಂದಿನ ಪ್ರಯೋಗಗಳೆಲ್ಲವೂ ಇದೇ ಫಲವನ್ನು ಕೊಡಲಿಲ್ಲ.

ಎ.ಡಿ.ಎಚ್.ಡಿ. ಎಂಬ ಸ್ಥಿತಿಯ ಲಕ್ಷಣವೇ ಬೇರೆ. ಇಲ್ಲಿ ತೊಡಕಿರುವುದು ಮುಖ್ಯವಾಗಿ ನಿಲ್ಲುವುದರಲ್ಲಿ. ಬೇಸರ ತರಿಸುವ ದೀರ್ಘ ಪರೀಕ್ಷೆಯಲ್ಲಿ ಇಂಥವರ ಉತ್ತರ ಒಮ್ಮೆ ಶೀಘ್ರವಾಗಿ, ಒಮ್ಮೆ ಬಹಳ ತಡವಾಗಿ ಬರುತ್ತದೆ. ಈ ಏರುಪೇರೇ ಅದರ ಗುರುತು.

ಎರಡು ಸ್ಥಿತಿಗಳೂ ಒಬ್ಬನಲ್ಲಿಯೇ ಇದ್ದರೆ? ಅಂಥವರು ಅನೇಕರಿದ್ದಾರೆ. ಆದರೂ ಅಮೆರಿಕದ ಮನೋವೈದ್ಯರ ಸಂಘವು 1994ರಲ್ಲಿ ಹೊರತಂದ ಕೈಪಿಡಿಯ ನಿಯಮದಂತೆ, ಸ್ವಲೀನತೆಯೆಂದು ನಿರ್ಣಯಿಸಿದ ಮೇಲೆ ಎ.ಡಿ.ಎಚ್.ಡಿ.ಯನ್ನು ಹೇಳುವಂತಿರಲಿಲ್ಲ. 2013ರ ಐದನೆಯ ಆವೃತ್ತಿಯಲ್ಲಿ ಈ ನಿಷೇಧವು ಹೋಯಿತು. ಅದುವರೆಗೆ ಎಷ್ಟೋ ಪ್ರಯೋಗಗಳಲ್ಲಿ ಸ್ವಲೀನತೆಯೊಂದೇ ಉಳ್ಳವರೂ ಎರಡೂ ಉಳ್ಳವರೂ ಒಂದೇ ಗುಂಪಿನಲ್ಲಿ ಬೆರೆತಿದ್ದರು. ಒಂದು ಪ್ರಯೋಗದ ಫಲ ಇನ್ನೊಂದಕ್ಕೆ ಹೊಂದದಿದ್ದುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಈಗ ಸಂಶೋಧಕರು ಈ ಎರಡು ಗುಂಪುಗಳನ್ನು ಬೇರ್ಪಡಿಸಿ ಪರಿಶೀಲಿಸುತ್ತಿದ್ದಾರೆ.

ಇದು ಕೇವಲ ಪ್ರಯೋಗಶಾಲೆಯ ವಿಚಾರವಲ್ಲ. ತರಗತಿಯಲ್ಲಿ ಕರೆದರೂ ತಿರುಗದ ಹುಡುಗನನ್ನೂ, ಪುಸ್ತಕದಿಂದ ಕಿಟಕಿಗೆ ಕಣ್ಣು ಹಾಯಿಸುತ್ತಿರುವ ಹುಡುಗಿಯನ್ನೂ ನಾವು 'ಲಕ್ಷ್ಯವಿಲ್ಲ' ಎಂಬ ಒಂದೇ ಮಾತಿನಿಂದ ಗದರಿಸುತ್ತೇವೆ. ಮೊದಲನೆಯವನು ಕಂಡದ್ದನ್ನು ಬಿಡಲಾರದೆ ಇರಬಹುದು. ಎರಡನೆಯವಳು ನಿಲ್ಲಲಾರದೆ ಇರಬಹುದು. ಅವನಿಗೆ ಪಾಠ ಬದಲಾಗುವ ಮುನ್ನ ತುಸು ಮುನ್ಸೂಚನೆ ಬೇಕು. ಅವಳಿಗೆ ಕೆಲಸವನ್ನು ಸಣ್ಣ ಸಣ್ಣ ಭಾಗಗಳಾಗಿ ಕೊಡಬೇಕು. ಎರಡೂ ಉಳ್ಳ ಮಗುವಿಗೆ ಎರಡೂ ಬೇಕು. ಲಕ್ಷ್ಯವಿದೆಯೆ ಎಂದು ಕೇಳುವುದಕ್ಕಿಂತ, ಅದರ ಯಾವ ಕೆಲಸ ಕಷ್ಟವಾಗಿದೆ ಎಂದು ಕೇಳುವುದನ್ನು ನಾವು ಕಲಿಯಬೇಕು.