ಕಡಿದ ಹುಳು ಯಾವುದು?

ಪ್ರಶ್ನೆ: ಸಂಜೆ ಹಿತ್ತಲಿನಲ್ಲಿ ಕಳೆ ಕಿತ್ತು, ಹೀರೆಬಳ್ಳಿಗೆ ಚಪ್ಪರ ಕಟ್ಟಿದೆ. ಆಮೇಲೆ ಪಡಸಾಲೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂತು ಬೇಳೆ ಆರಿಸಿದೆ. ಏನೂ ಕಡಿದ ನೆನಪಿಲ್ಲ. ಮರುದಿನ ಮಧ್ಯಾಹ್ನ ಕುತ್ತಿಗೆಯ ಮೇಲೆ ಬೆರಳಿನಿಂದ ಗೀಚಿದ ಹಾಗೆ ಕೆಂಪು ಬರೆ ಮೂಡಿತು. ಬೆಂಕಿ ತಾಗಿದಂಥ ಉರಿ. ಈಗ ಸಣ್ಣ ಗುಳ್ಳೆಗಳಾಗಿವೆ. ಅತ್ತೆಯವರು ಸರ್ಪಸುತ್ತು ಎನ್ನುತ್ತಾರೆ. ಹೌದೇ?
– ಗೃಹಿಣಿ, ಸೇಡಂ

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರ ಇದೆ. ಕಡಿದ ನೆನಪಿಲ್ಲ, ಉದ್ದನೆಯ ಬರೆ, ಉರಿ ಶುರುವಾದದ್ದು ಮರುದಿನ. ಈ ಮೂರೂ ಕೂಡಿದರೆ ಅದು ಬಹುಮಟ್ಟಿಗೆ ಪೆಡೆರಸ್ ಎಂಬ ಹುಳುವಿನ ಕೆಲಸ. ಈ ಹುಳು ಕಡಿಯುವುದೂ ಇಲ್ಲ, ಚುಚ್ಚುವುದೂ ಇಲ್ಲ. ಮೈಮೇಲೆ ಹರಿದಾಗ ನಾವು ಕೈಯಿಂದ ಉಜ್ಜಿಬಿಡುತ್ತೇವೆ. ಹುಳು ಅರೆದುಹೋಗಿ ಅದರೊಳಗಿನ ಪೆಡೆರಿನ್ ಎಂಬ ರಸ ಚರ್ಮಕ್ಕೆ ಮೆತ್ತುತ್ತದೆ. ಕೈ ಎತ್ತ ಉಜ್ಜಿತೋ ಅತ್ತ ಬರೆ ಬೀಳುತ್ತದೆ. ಉರಿ ಏಳುವುದು 12ರಿಂದ 36 ಗಂಟೆ ಕಳೆದ ಮೇಲಾದ್ದರಿಂದ ಹುಳುವಿನ ನೆನಪೇ ಇರುವುದಿಲ್ಲ.

ಇವತ್ತು ರಾತ್ರಿ ಟ್ಯೂಬ್‌ಲೈಟಿನ ಸುತ್ತ ಗೋಡೆ ನೋಡಿ. ಅಕ್ಕಿಕಾಳಿಗಿಂತ ತುಸು ಉದ್ದ, ದೊಡ್ಡ ಇರುವೆಯಂಥ ಮೈ. ತಲೆ ಕಪ್ಪು, ಎದೆ ಕೇಸರಿ, ನಡುವೆ ಹೊಳೆಯುವ ಕಡುನೀಲಿ ಪಟ್ಟಿ, ಮತ್ತೆ ಕೇಸರಿ, ಬಾಲದ ತುದಿ ಕಪ್ಪು. ಮಳೆಗಾಲದಲ್ಲಿ ಮತ್ತು ಅದು ಮುಗಿದ ಹೊಸತರಲ್ಲಿ ಹಸಿ ಮಣ್ಣಿನಿಂದ ಎದ್ದು ಬೆಳಕಿಗೆ ಬರುತ್ತದೆ.

ಸರ್ಪಸುತ್ತಾದರೆ ಮೈಯ ಒಂದೇ ಬದಿಗೆ, ನರದ ದಾರಿ ಹಿಡಿದು ಗುಂಪುಗುಂಪಾಗಿ ಗುಳ್ಳೆ ಏಳುತ್ತವೆ. ಎಷ್ಟೋ ಸಲ ಗುಳ್ಳೆಗಿಂತ ಎರಡು ಮೂರು ದಿನ ಮೊದಲೇ ಆ ಜಾಗ ನೋಯುತ್ತಿರುತ್ತದೆ. ಅನುಮಾನ ಉಳಿದರೆ ವೈದ್ಯರಿಗೆ ತೋರಿಸಿ. ಕೆಮ್ಮಣ್ಣು, ಸುಣ್ಣ ಹಚ್ಚಬೇಡಿ. ಸೋಪು ನೀರಿನಿಂದ ತೊಳೆದು, ತಣ್ಣೀರ ಬಟ್ಟೆ ಇಡಿ. ಗುಳ್ಳೆ ಒಡೆಯಬೇಡಿ. ಉರಿ ಹೆಚ್ಚಿದ್ದರೆ ವೈದ್ಯರು ಸ್ಟೀರಾಯ್ಡ್ ಮುಲಾಮು ಕೊಡುತ್ತಾರೆ. ಗಾಯ ಮಾಯುತ್ತದೆ, ಕಪ್ಪು ಕಲೆ ಮಾತ್ರ ಕೆಲವು ವಾರ ಉಳಿಯಬಹುದು. ಆ ರಸ ಕಣ್ಣಿಗೆ ತಾಗಿದ್ದರೆ ಚೆನ್ನಾಗಿ ನೀರು ಹಾಕಿ ತೊಳೆದು ಅವತ್ತೇ ಕಣ್ಣಿನ ವೈದ್ಯರ ಬಳಿ ಹೋಗಿ. ಮುಂದೆ ಇಂಥ ಹುಳು ಮೈಮೇಲೆ ಕಂಡರೆ ಊದಿ ಹಾರಿಸಿ, ಉಜ್ಜಬೇಡಿ.

ಪ್ರಶ್ನೆ: ತೊಗರಿ ಹೂವಾಡಿದಾಗ ಕಪ್ಪು ಮೈಗೆ ಕೆಂಪು ಪಟ್ಟಿಯ ದುಂಬಿಗಳನ್ನು ಕೈಯಿಂದ ಆರಿಸಿ ತೆಗೆದೆ. ರಾತ್ರಿ ಹೊತ್ತಿಗೆ ಮುಂಗೈ ಮೇಲೆ ನೀರು ತುಂಬಿದ ಬೊಬ್ಬೆಗಳು. ನೋವು ಅಷ್ಟಿಲ್ಲ.
– ರೈತ, ಚಿತ್ತಾಪುರ

ಉತ್ತರ: ಇದೂ ಕಡಿತವಲ್ಲ. ತೊಗರಿ, ಹೆಸರು, ದಾಸವಾಳದ ಹೂ ತಿನ್ನುವ ಈ ದುಂಬಿಯನ್ನು ಹಿಡಿದರೆ ಕಾಲಿನ ಕೀಲುಗಳಿಂದ ಹಳದಿ ರಸ ಒಸರುತ್ತದೆ. ಅದರಲ್ಲಿರುವ ಕ್ಯಾಂಥರಿಡಿನ್ ಕೆಲವೇ ಗಂಟೆಗಳಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಬೊಬ್ಬೆ ಒಡೆಯದೆ ಶುಚಿಯಾಗಿಡಿ. ಕೈಗವಸು, ತುಂಬುತೋಳಿನ ಅಂಗಿ ಇಲ್ಲದೆ ಅವನ್ನು ಮುಟ್ಟಬೇಡಿ. ಹೊಟ್ಟೆಗೆ ಹೋದರೆ ಇದು ಕಡುವಿಷ. ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಪ್ರಶ್ನೆ: ಬೆಳಿಗ್ಗೆ ಮಗಳ ತೋಳಿನ ಮೇಲೆ ಸಾಲಾಗಿ ಮೂರು ನಾಲ್ಕು ದದ್ದು, ವಿಪರೀತ ತುರಿಕೆ. ಬಾಗಿಲಲ್ಲಿಟ್ಟ ಹೂಕುಂಡಗಳೇ ಕಾರಣವೇ?
– ತಾಯಿ, ವಾಡಿ

ಉತ್ತರ: ಕುಂಡಗಳಿಗಿಂತ ಮೊದಲು ಹಾಸಿಗೆ ನೋಡಿ. ಸೊಳ್ಳೆ ಅಲ್ಲಲ್ಲಿ ಚದುರಿ ಕಡಿಯುತ್ತದೆ. ಮಲಗಿ ಎದ್ದಾಗ ಸಾಲಾಗಿ ಕಂಡರೆ ಮೊದಲ ಅನುಮಾನ ತಗಣಿ ಮೇಲೆ. ಗಾದಿಯ ಹೊಲಿಗೆ, ಮಂಚದ ಸಂದಿಗಳಲ್ಲಿ ಕಪ್ಪು ಚುಕ್ಕೆ ಇವೆಯೇ ಹುಡುಕಿ. ರೈಲಿನ ಊರು ನಿಮ್ಮದು, ಪ್ರಯಾಣದ ಚೀಲದೊಳಗೂ ತಗಣಿ ಮನೆ ಸೇರುತ್ತದೆ. ಹೊದಿಕೆಗಳನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ತುರಿಕೆಗೆ ಕ್ಯಾಲಮೈನ್ ಸಾಕು.

ಪ್ರಶ್ನೆ: ಹಿತ್ತಲಿನಲ್ಲಿ ಹಳೆಯ ಫರಸಿ ಎತ್ತುವಾಗ ಆರು ವರ್ಷದ ಮಗನ ಬೆರಳಿಗೆ ಏನೋ ಚುಚ್ಚಿತು. ಗಾಯ ಕಾಣಿಸಲಿಲ್ಲ, ನೋವೂ ಬಹಳ ಇರಲಿಲ್ಲ. ಆದರೆ ಮೈಯೆಲ್ಲ ಬೆವರು, ವಾಂತಿ. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಅಷ್ಟು ಬೇಕಿತ್ತೇ?
– ತಂದೆ, ಶಹಾಬಾದ್

ಉತ್ತರ: ಖಂಡಿತ ಬೇಕಿತ್ತು. ನೀವು ತಡಮಾಡದೆ ಕರೆದೊಯ್ದದ್ದು ದೊಡ್ಡ ಉಪಕಾರವಾಯಿತು. ಕಲ್ಲಿನಡಿಯ ತಂಪಿನಲ್ಲಿ ಚೇಳು ಹಗಲು ಕಳೆಯುತ್ತದೆ. ಕೆಂಪು ಚೇಳಿನ ವಿಷ ಮೈಗೇರಿದಾಗ ಎಷ್ಟೋ ಸಲ ಕುಟುಕಿದಲ್ಲಿ ನೋವು ಕಡಿಮೆಯೇ ಇರುತ್ತದೆ. ಬೆವರು, ವಾಂತಿ, ತಣ್ಣಗಾದ ಕೈಕಾಲು ಮೊದಲ ಸೂಚನೆ. ಆಮೇಲೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಇಂಥ ರೋಗಿಗಳಿಗೆ ಪ್ರಜೋಸಿನ್ ಮಾತ್ರೆ ಕೊಟ್ಟು ಸಾವು ತಗ್ಗಿಸಿ ತೋರಿಸಿದರು. ಆ ಮಾತ್ರೆ ಬೇಗ ಸಿಕ್ಕಷ್ಟೂ ಒಳ್ಳೆಯದು. ಮಂತ್ರ ಹಾಕಿಸಲು ಹೋದರೆ ಕಳೆದುಹೋಗುವುದು ಆ ಹೊತ್ತೇ.

ಪ್ರಶ್ನೆ: ಪೊದೆ ಸವರಿ ಹುಲ್ಲು ಕೊಯ್ದು ಹತ್ತು ದಿನವಾಯಿತು. ಈಗ ಐದು ದಿನದಿಂದ ಜ್ವರ, ತಲೆಸಿಡಿತ. ಸೊಂಟದ ದಾರದ ಹತ್ತಿರ ಕಪ್ಪು ಹಕ್ಕಳೆ ಇದೆ, ನೋವಿಲ್ಲ.
– ಓದುಗ, ಚಿಂಚೋಳಿ

ಉತ್ತರ: ಈ ಸಂಚಿಕೆ ಕೆಳಗಿಟ್ಟು ಇವತ್ತೇ ಆಸ್ಪತ್ರೆಗೆ ಹೋಗಿ, ಆ ಹಕ್ಕಳೆಯನ್ನು ವೈದ್ಯರಿಗೆ ತೋರಿಸಿ. ಬೀಡಿಯಿಂದ ಸುಟ್ಟಂತೆ ಕಾಣುವ ಈ ಗುರುತು ಸ್ಕ್ರಬ್ ಟೈಫಸ್‌ನದಾಗಿರಬಹುದು. ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಕಡಿದು ಈ ರೋಗ ತರುತ್ತದೆ. ಹಕ್ಕಳೆ ಕಂಕುಳು, ತೊಡೆಸಂದಿ, ಸೊಂಟದಲ್ಲಿ ಅಡಗಿರುವುದರಿಂದ ರೋಗಿ ಹೇಳುವುದಿಲ್ಲ, ವೈದ್ಯರಿಗೂ ಕಣ್ಣುತಪ್ಪುತ್ತದೆ. ಡಾಕ್ಸಿಸೈಕ್ಲಿನ್‌ನಿಂದ ಗುಣವಾಗುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮೆದುಳಿಗೂ ತೊಂದರೆ.

ಎಲ್ಲ ಓದುಗರಿಗೆ: "ಏನೋ ಕಡದದ ರೀ ಡಾಕ್ಟ್ರೇ" ಎಂದು ಬಂದವರ ಗಾಯ ನೋಡುವ ಮೊದಲು ನಾನು ಕೇಳುವುದು ಇಷ್ಟು: ಎಲ್ಲಿದ್ದಿರಿ, ಏನು ಮುಟ್ಟಿದಿರಿ, ಎಷ್ಟು ಹೊತ್ತಿಗೆ ಉರಿ ಬಂತು? ಬರೀ ಕಲೆ ನೋಡಿ ಹುಳುವಿನ ಹೆಸರು ಹೇಳುವುದು ಕಷ್ಟ. ಹುಳು ಸಿಕ್ಕರೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಆದರೆ ಉಸಿರಾಟಕ್ಕೆ ತೊಂದರೆ, ತುಟಿ ನಾಲಿಗೆ ಬಾವು, ಮೈತುಂಬ ಬೆವರು, ಪದೇಪದೇ ವಾಂತಿ ಕಂಡರೆ ಹುಳು ಹುಡುಕುತ್ತ ನಿಲ್ಲಬೇಡಿ, 108ಕ್ಕೆ ಕರೆ ಮಾಡಿ. ನೆಲದ ಮೇಲೆ ಮಲಗಿದವರು ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದು, ರೆಪ್ಪೆ ಜೋತುಬಿದ್ದರೆ ಅದು ಹುಳುವಲ್ಲ, ಕಟ್ಟುಹಾವಿರಬಹುದು. ಅದು ಕಚ್ಚಿದರೆ ನೋವೂ ಇರದು, ಕಲೆಯೂ ಕಾಣದು. ಕಲೆ ಸಣ್ಣದೆಂದು ಧೈರ್ಯ ತಂದುಕೊಳ್ಳಬೇಡಿ.