ಹಾಲು ಹಿಂಡುವ ಕೈಗೆ ಬರುವ ಸಿಡುಬು: ಗುರುತು, ಆರೈಕೆ, ಎಚ್ಚರಿಕೆ

ಸಿಡುಬು ಜಗತ್ತಿನಿಂದ ಅಳಿದುಹೋಗಿದೆ ಎಂದು ವಿಶ್ವ ಆರೋಗ್ಯ ಸಭೆ 1980ರ ಮೇ 8ರಂದು ಘೋಷಿಸಿತಾದರೂ, ಆ ರೋಗವನ್ನು ತರುತ್ತಿದ್ದ ವೈರಾಣುವಿನ ದಾಯಾದಿಗಳು ಅಳಿದಿಲ್ಲ. ಪಾಕ್ಸ್ ವೈರಾಣುಗಳೆಂದು ಕರೆಯಲಾಗುವ ಈ ಕುಟುಂಬದವು ಉಳಿದ ಬಹುಪಾಲು ವೈರಾಣುಗಳಿಗಿಂತ ಗಾತ್ರದಲ್ಲಿ ದೊಡ್ಡವು. ಚರ್ಮದ ಮೇಲೆ ಗುಳ್ಳೆ, ಕೀವು, ಹಕ್ಕಳೆ ಎಂಬ ಕ್ರಮದಲ್ಲಿ ಗಾಯ ಮಾಡುತ್ತವೆ, ಮತ್ತು ಒಣಗಿದ ಹಕ್ಕಳೆಯೊಳಗೆ ಬಹುಕಾಲ ಜೀವ ಹಿಡಿದಿರುತ್ತವೆ. ನಾಲವಾರ, ವಾಡಿ, ಶಹಾಬಾದ್, ಸೇಡಂ, ಚಿಂಚೋಳಿ ಸುತ್ತಿನ ಹಳ್ಳಿಗಳಲ್ಲಿ ಮನೆಗೊಂದು ಎಮ್ಮೆ ಕಟ್ಟಿ ಹಾಲು ಮಾರುವವರಿಗೆ ಇವು ತಲುಪಬಹುದಾದ ಅತಿ ಹತ್ತಿರದ ದಾರಿ ಎಮ್ಮೆಯ ಕೆಚ್ಚಲು. ಕಲಬುರಗಿ ಜಿಲ್ಲೆಗೆ ಹೊಂದಿಕೊಂಡಿರುವ ಸೊಲ್ಲಾಪುರ ಜಿಲ್ಲೆಯಲ್ಲೂ ಕೊಲ್ಹಾಪುರ ಜಿಲ್ಲೆಯಲ್ಲೂ 2009ರಲ್ಲಿ ಎಮ್ಮೆ ಸಿಡುಬು ಹಲವು ಹಳ್ಳಿಗಳಲ್ಲಿ ದನಗಳಿಂದ ಜನರಿಗೆ ಹಬ್ಬಿದ್ದು ಪ್ರಯೋಗಾಲಯದ ಪರೀಕ್ಷೆಯಿಂದಲೇ ದೃಢಪಟ್ಟಿತ್ತು.

ಎಮ್ಮೆ ಸಿಡುಬಿನ ವೈರಾಣುವನ್ನು 1934ರಲ್ಲಿ ಲಾಹೋರಿನಲ್ಲಿ ಮೊದಲು ಬೇರ್ಪಡಿಸಲಾಯಿತು. ಮನುಷ್ಯರಿಗೆ ಸಿಡುಬು ಬಾರದಂತೆ ಹಾಕುತ್ತಿದ್ದ ಲಸಿಕೆಯ ವೈರಾಣುವಿಗೆ ಅದು ಎಷ್ಟು ಸಮೀಪದ್ದೆಂದರೆ, ಲಸಿಕೆಯ ವೈರಾಣುವೇ ಎಮ್ಮೆಗಳಿಗೆ ದಾಟಿ ಅಲ್ಲಿ ನೆಲೆ ನಿಂತಿರಬೇಕೆಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ. ಭಾರತದಲ್ಲಿ ಆ ಲಸಿಕೆಯನ್ನು ಕರುಗಳ ಚರ್ಮದ ಮೇಲೆ ಬೆಳೆಸುತ್ತಿದ್ದುದನ್ನೂ, ಬೆಳಗಾವಿಯ ಲಸಿಕಾ ಸಂಸ್ಥೆ ಅಂಥ ಕೇಂದ್ರಗಳಲ್ಲಿ ಒಂದಾಗಿದ್ದುದನ್ನೂ ನೆನೆದರೆ ಈ ಊಹೆ ಅಷ್ಟೇನೂ ವಿಚಿತ್ರವೆನಿಸದು. 1970ರ ದಶಕದ ಕೊನೆಗೆ ಲಸಿಕೆ ಹಾಕುವುದು ನಿಂತಿತು. ಆದ್ದರಿಂದ ಹಿರಿಯರ ತೋಳಿನ ಮೇಲೆ ಕಾಣುವ ಲಸಿಕೆಯ ಕಲೆ ಇಂದು ಹಾಲು ಹಿಂಡುವ ಹರೆಯದವರ ತೋಳಿನಲ್ಲಿಲ್ಲ, ಅದು ಕೊಡುತ್ತಿದ್ದ ರಕ್ಷಣೆಯೂ ಇಲ್ಲ.

ಆದಕಾರಣ ಮೊದಲ ಕೆಲಸ ದಿನವೂ ಹಿಂಡುವ ಮುನ್ನ ಬೆಳಕಿನಲ್ಲಿ ಕೆಚ್ಚಲನ್ನು ನೋಡುವುದು. ಮೊಲೆತೊಟ್ಟಿನ ಮೇಲೆ ಕೆಂಪು ಗಂಟು ಎದ್ದು, ಒಂದೆರಡು ದಿನಗಳಲ್ಲಿ ನೀರು ತುಂಬಿ, ಆಮೇಲೆ ಕೀವಾಗಿ, ನಡುವೆ ತಗ್ಗಿದ ಕಂದು ಹಕ್ಕಳೆಯಾಗಿ ಒಣಗಿದರೆ ಅದು ಎಮ್ಮೆ ಸಿಡುಬಿನ ಗುರುತು. ಒಳತೊಡೆ, ಕಿವಿಯ ಬುಡ, ಕಣ್ಣಿನ ರೆಪ್ಪೆಗಳಲ್ಲಿಯೂ ಇದು ಕಾಣಿಸಬಹುದು. ಹಾಲು ಕುಡಿಯುವ ಕರುವಿನ ಬಾಯಿಯ ಸುತ್ತಲೂ ಹುಣ್ಣಾಗಬಹುದು. ಎಮ್ಮೆ ಇದರಿಂದ ಸಾಯುವುದು ಅಪರೂಪವಾದರೂ ನೋವಿಗೆ ಒದೆಯುತ್ತದೆ, ಹಾಲು ಇಳಿಯುತ್ತದೆ, ಹುಣ್ಣಿನ ಮೂಲಕ ಬೇರೆ ಸೋಂಕು ಹೊಕ್ಕು ಕೆಚ್ಚಲು ಬಾವು ಬಂದರೆ ತೊಟ್ಟು ಶಾಶ್ವತವಾಗಿ ಮುಚ್ಚಿಹೋಗಲೂಬಹುದು. ಮಾಲೀಕರು ಇದನ್ನು ಲಘುವಾಗಿ ತೆಗೆದುಕೊಳ್ಳುವುದು ಎಮ್ಮೆ ಸಾಯದು ಎಂಬ ಒಂದೇ ಕಾರಣಕ್ಕೆ; ನಷ್ಟ ಮಾತ್ರ ಲಘುವಲ್ಲ.

ಗುರುತು ಕಂಡ ದಿನದಿಂದ ಹಿಂಡುವ ಸರದಿ ಬದಲಾಗಬೇಕು: ಆರೋಗ್ಯವಾಗಿರುವ ದನಗಳನ್ನು ಮೊದಲು, ಹುಣ್ಣಿರುವುದನ್ನು ಕಡೆಗೆ ಹಿಂಡಬೇಕು. ಸಾಧ್ಯವಾದರೆ ಅದಕ್ಕೆಂದೇ ಒಬ್ಬರು ನಿಲ್ಲಬೇಕು, ಮತ್ತು ಆ ಒಬ್ಬರು ಕೈಯಲ್ಲಿ ಗಾಯ ಅಥವಾ ಬಿರುಕು ಇಲ್ಲದವರಾಗಿರಬೇಕು. ಇದ್ದರೆ ಅದನ್ನು ಮುಚ್ಚಿ ರಬ್ಬರಿನ ಕೈಗವಸು ಹಾಕಿಕೊಳ್ಳಬೇಕು. ವೈರಾಣು ಹೊಗುವುದು ಹೆಚ್ಚಾಗಿ ಇಂಥ ಸಣ್ಣ ಬಿರುಕುಗಳ ಮೂಲಕವೇ, ಹಾಗೂ ಸುಣ್ಣ, ಸಿಮೆಂಟು, ಕಲ್ಲುಗಣಿಗಳಲ್ಲಿ ಹಗಲು ದುಡಿದು ಸಂಜೆ ಹಿಂಡುವವರ ಬೆರಳುಗಳಲ್ಲಿ ಅವುಗಳಿಗೆ ಕೊರತೆಯಿಲ್ಲ. ಹಿಂಡಿದ ಮೇಲೆ ಸಾಬೂನಿನಿಂದ ಮೊಳಕೈವರೆಗೆ ತೊಳೆದು, ಪಾತ್ರೆ ಮತ್ತು ಕೆಚ್ಚಲು ಒರೆಸುವ ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಬೇಕು. ಒಂದೇ ಬಟ್ಟೆಯಿಂದ ಎಲ್ಲ ದನಗಳ ಕೆಚ್ಚಲು ಒರೆಸುವ ರೂಢಿ ರೋಗವನ್ನು ಕೊಟ್ಟಿಗೆಯ ಉದ್ದಕ್ಕೂ ಹರಡುತ್ತದೆ. ಹಕ್ಕಳೆ ಉದುರಿದ ಜಾಗಕ್ಕೆ ಬ್ಲೀಚಿಂಗ್ ಪುಡಿ ಕಲಸಿದ ನೀರು ಚೆಲ್ಲಬೇಕು. ಹಾಲನ್ನು ಕುದಿಸದೆ ಯಾರೂ ಕುಡಿಯಬಾರದು. ರೋಗ ಕಾಣಿಸಿದ ಎಮ್ಮೆಯನ್ನು ಹುಣ್ಣು ಪೂರ್ತಿ ಮಾಗುವವರೆಗೆ ಸಂತೆಗೆ ಹೊಡೆಯಬಾರದು. ಇದು ಎರಡು ಮೂರು ವಾರದ ಮಾತು.

ಇನ್ನು ಮನುಷ್ಯನ ಕೈಯ ವಿಚಾರ. ಬೆರಳು, ಅಂಗೈ, ಮುಂಗೈ, ಕೆಲವೊಮ್ಮೆ ಮುಖದ ಮೇಲೆ ಎಮ್ಮೆಯ ತೊಟ್ಟಿನ ಮೇಲೆ ಕಂಡಂಥದೇ ಗುಳ್ಳೆ ಎದ್ದು, ಜ್ವರ ಬಂದು, ಕಂಕುಳಲ್ಲಿ ಗಡ್ಡೆ ಊದಿಕೊಂಡರೆ ಎಮ್ಮೆ ಸಿಡುಬನ್ನು ಶಂಕಿಸಬೇಕು. ಸಾಮಾನ್ಯವಾಗಿ ಇದು ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುವುದರಿಂದ ಗಾಯವನ್ನು ಸ್ವಚ್ಛವಾಗಿ ಮುಚ್ಚಿಡುವುದು, ಚಿವುಟದಿರುವುದು, ಆ ಕೈಯಿಂದ ಕಣ್ಣು ಮುಟ್ಟದಿರುವುದು ಸಾಕಾಗುತ್ತದೆ. ಔಷಧದ ಅಂಗಡಿಯಲ್ಲಿ ತುರಿಕೆಗೆಂದು ಕೊಡುವ ಸ್ಟೀರಾಯ್ಡ್ ಮುಲಾಮು ಹಚ್ಚುವುದು ಮಾತ್ರ ಸಲ್ಲದು, ಏಕೆಂದರೆ ಅದು ಚರ್ಮದ ಪ್ರತಿರೋಧವನ್ನೇ ತಗ್ಗಿಸುತ್ತದೆ. ಕಣ್ಣಿಗೆ ತಾಗಿದ್ದರೆ, ಗಾಯ ಕೆಂಪಾಗಿ ಹರಡಿ ಕೀವು ಸುರಿದರೆ, ರೋಗಿ ಗರ್ಭಿಣಿಯಾಗಿದ್ದರೆ, ಚಿಕ್ಕ ಮಗುವಾಗಿದ್ದರೆ, ಇಸಬು ಉಳ್ಳವರಾಗಿದ್ದರೆ ಅಥವಾ ದೇಹದ ಪ್ರತಿರೋಧ ಕುಗ್ಗಿದವರಾಗಿದ್ದರೆ ಆಸ್ಪತ್ರೆಗೆ ಹೋಗಲು ತಡ ಮಾಡಬಾರದು. ವೈದ್ಯರ ಮುಂದೆ ಮೊದಲು ಹೇಳಬೇಕಾದ ಮಾತು ‘ಮನೆಯ ಎಮ್ಮೆಯ ತೊಟ್ಟಿಗೂ ಹುಣ್ಣಾಗಿದೆ’ ಎಂಬುದು. ಇದನ್ನು ಕೇಳದೆ ಕೈ ಒಂದನ್ನೇ ನೋಡಿದವರು ಬೇರೆ ರೋಗವೆಂದು ತಿಳಿಯುವ ಸಂಭವ ಹೆಚ್ಚು.

ಕುರಿ, ಆಡು ಸಾಕುವವರ ಬೆರಳಿಗೆ ಬರುವ ಗಂಟು ಇನ್ನೊಂದು ಬಗೆ. ಮರಿಗಳ ತುಟಿಯ ಮೇಲೆ ಹುಣ್ಣು ತರುವ ಓರ್ಫ್ ಎಂಬ ವೈರಾಣು ಮರಿಗೆ ಕೈಯಾರೆ ಹಾಲು ಕುಡಿಸುವಾಗ ದಾಟಿ, ಸುಮಾರು ಆರು ವಾರಗಳಲ್ಲಿ ಮಾಯುವ ಒಂದೆರಡು ಗಂಟುಗಳನ್ನು ಉಂಟುಮಾಡುತ್ತದೆ. ಮಕ್ಕಳ ಮೈಮೇಲೆ ಮುತ್ತಿನಂತೆ ಹೊಳೆಯುವ, ನಡುವೆ ಕುಳಿ ಇರುವ ಸಣ್ಣ ಗಂಟುಗಳೂ ಪಾಕ್ಸ್ ಕುಟುಂಬದ ಮೊಲಸ್ಕಮ್ ವೈರಾಣುವಿನದೇ. ತಿಂಗಳುಗಟ್ಟಲೆ ಇದ್ದು ತಾವೇ ಹೋಗುತ್ತವೆ. ಆದರೆ ದನಗಳ ಮೈತುಂಬ ಗಂಟು ಎಬ್ಬಿಸಿ 2022ರಲ್ಲಿ ಕರ್ನಾಟಕದ ರೈತರನ್ನು ಕಂಗೆಡಿಸಿದ ಚರ್ಮಗಂಟು ರೋಗ, ಅದೇ ಕುಟುಂಬದ ವೈರಾಣುವಿನದಾದರೂ, ಮನುಷ್ಯರಿಗೆ ಬರುವುದಿಲ್ಲ. ಜನ ‘ಅಮ್ಮ’ ಎನ್ನುವ ಚಿಕನ್‌ಪಾಕ್ಸ್ ಹೆಸರಿನಲ್ಲಿ ಮಾತ್ರ ಈ ಬಳಗದ್ದು. ಅದನ್ನು ತರುವುದು ಹರ್ಪಿಸ್ ಕುಟುಂಬದ ವೈರಾಣು. ‘ಅಮ್ಮ’ ಬಂದ ಮನೆಗಳ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವ ಪದ್ಧತಿಯಲ್ಲಿ ಔಷಧಕ್ಕಿಂತ ದೊಡ್ಡ ಗುಣವೆಂದರೆ, ಹೊರಗಿನವರು ಒಳಗೆ ಬಾರದಂತೆ ಅದು ತಡೆಯುತ್ತಿತ್ತು.

ದೂರದ ಊರುಗಳಿಂದ ಮರಳುವವರ ವಿಷಯದಲ್ಲಿ ಪಾಕ್ಸ್ ಕುಟುಂಬದ ಇನ್ನೊಂದು ರೋಗವಾದ ಎಂಪಾಕ್ಸ್ ಅನ್ನೂ ನೆನಪಿಡಬೇಕು. ಭಾರತದಲ್ಲಿ ಅದು ಮೊದಲು ದೃಢಪಟ್ಟದ್ದು 2022ರ ಜುಲೈನಲ್ಲಿ, ಕೇರಳದಲ್ಲಿ; 2025ರ ಜನವರಿಯಲ್ಲಿ ದುಬೈನಿಂದ ಮಂಗಳೂರಿಗೆ ಬಂದಿಳಿದ ಒಬ್ಬರಲ್ಲಿಯೂ ಪತ್ತೆಯಾಯಿತು. ಸೋಂಕಿತರೊಡನೆ ಮೈ ತಾಗುವಷ್ಟು ನಿಕಟ ಸಂಪರ್ಕವಾದ ಮೇಲೆ ಮೂರು ವಾರಗಳೊಳಗೆ ಜ್ವರ, ಊದಿದ ಗಡ್ಡೆ, ಅಂಗೈ ಅಂಗಾಲಿನ ಮೇಲೂ ಏಳುವ ಗುಳ್ಳೆಗಳು ಕಂಡರೆ, ಮನೆಯಲ್ಲಿ ಬೇರೆ ಕೋಣೆಯಲ್ಲಿದ್ದು, ಆಸ್ಪತ್ರೆಗೆ ಹೊರಡುವ ಮುನ್ನ ಆರೋಗ್ಯ ಸಹಾಯವಾಣಿ 104ಕ್ಕೆ ತಿಳಿಸುವುದು ಕ್ರಮ.

ಎಮ್ಮೆಯ ಕೆಚ್ಚಲಿನಲ್ಲಿ ಹುಣ್ಣು ಕಂಡ ದಿನವೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಬೇಕು. ಅದೇ ಮನೆಯಲ್ಲಿ ಯಾರ ಕೈಗಾದರೂ ಗುಳ್ಳೆ ಎದ್ದಿದ್ದರೆ ಆ ಸಂಗತಿಯನ್ನು ಪಶುವೈದ್ಯರಿಗೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಒಟ್ಟಿಗೇ ತಿಳಿಸಬೇಕು, ಹಾಲಿನ ಗಿರಾಕಿಗಳು ತಪ್ಪಿಹೋಗುತ್ತಾರೆಂಬ ಅಂಜಿಕೆಯಿಂದ ಮುಚ್ಚಿಡಬಾರದು.